ಬಂಗ್ಲೆಯ ಛತ್ತು

ಕೊಟ್ರಪ್ಪ ಹಂಡೆಯ ಬುಡಕ್ಕೆ ಇನ್ನೊಂದು ಕಟ್ಟಿಗೆ ದೂಡಿ, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ನೀರಿಗೆ ಕೈಯದ್ದಿ ನೋಡಿದ. ಹೆಣಕ್ಕೆ ಸುಡುವ ನೀರು ಹಾಕಬಾರದು, ಬದುಕಿದ್ದಾಗ ಎಷ್ಟು ಬಿಸಿ ಹಿತವಾಗಿತ್ತೋ ಅಷ್ಟೇ ಇರಬೇಕು ಎಂದು ಗುಸುಲ್ ಸ್ನಾನ ಮಾಡಿಸಲು ಬಂದ ಹಿರಿಯರು ಎರಡು ಸಲ ಹೇಳಿದ್ದರು. ಅಂಗಳದ ಮೂಲೆಯಲ್ಲಿ ನಾಲ್ಕು ಬಿದಿರು ನೆಟ್ಟು ಚಾದರ ಕಟ್ಟಿದ್ದರು. ಅದರಾಚೆ ಹಲಗೆಯ ಮೇಲೆ ಮರ್ದಾನಸಾಬ ಮಲಗಿದ್ದ.

"ಆತೇನ್ರಿ ಕಾಕಾ?" ಚಾದರದ ಅಂಚೆತ್ತಿ ಆಸೀಫ ಕೇಳಿದ. ಅವನು ಸತ್ತವನ ಅಳಿಯ. ಗಿಣಿಗೇರಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ನಿಂತವನು ಸುದ್ದಿ ಕೇಳಿ ಹಾಗೇ ಬಂದಿದ್ದ. ಅಂಗಿಯ ಮೇಲೆ ಇನ್ನೂ ಕಬ್ಬಿಣದ ಕರಿ ಧೂಳಿತ್ತು.

"ಆಗೇತಿ, ತಗೋ."

"ನೀವೂ ಒಳಗ ಬರ್ರಿ. ಎರಡು ತಂಬಿಗಿ ನೀವೂ ಹಾಕ್ರಿ. ಮಾವಾರು ಬ್ಯಾಡ ಅಂತಿರ್ಲಿಲ್ಲ."

"ನಾ ಇಲ್ಲೇ ಇರ್ತೀನಿ. ಇಪ್ಪತ್ತು ವರ್ಷ ಅವಂಗ ನೀರು ತಯಾರು ಮಾಡಿ ಕೊಟ್ಟಾವ ನಾನು. ಒಳಗಿನ ಕೆಲಸ ಯಾವಾಗಲೂ ಅವಂದ."

ಆಸೀಫ ಒತ್ತಾಯ ಮಾಡಲಿಲ್ಲ. ಕೊಟ್ರಪ್ಪ ಒಳಗೆ ಹೋಗದಿದ್ದುದಕ್ಕೆ ಕಾರಣ ಬೇರೆಯೇ ಇತ್ತು. ಮರ್ದಾನಸಾಬನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಬೆಳಿಗ್ಗೆ ಏಳಕ್ಕೆ ಅಕ್ಕಿ ಗಿರಣಿಯ ಕಾವಲು ಮುಗಿಸಿ ಬಂದ ಮರ್ದಾನಸಾಬ, ಕಟ್ಟೆಯ ಮೇಲೆ ಕುಳಿತು ಅರ್ಧ ಕಪ್ಪು ಚಹಾ ಕುಡಿದು, ಗೋಡೆಗೆ ಒರಗಿದವನು ಮತ್ತೆ ತಲೆ ಎತ್ತಲಿಲ್ಲ. ಹೆಂಡತಿ ಜುಬೇದಾಬೀ ಹೊರಗೆ ಬಂದು ನೋಡಿದಾಗ ಕಪ್ಪು ಕೈಯಲ್ಲೇ ಇತ್ತು, ಚಹಾ ತುಳುಕಿರಲಿಲ್ಲ. ಅರವತ್ತೆಂಟು ವರ್ಷ. ಹೀಗೆ ಯಾರಿಗೂ ತೊಂದರೆ ಕೊಡದೆ ಹೋಗುವುದು ಪುಣ್ಯವಂತರಿಗಷ್ಟೇ ಎಂದು ಓಣಿಯವರು ಆಗಲೇ ಮಾತಾಡಿಕೊಂಡು ಮುಗಿಸಿದ್ದರು. ಪುಣ್ಯವಂತ ಬದುಕಿದ್ದಾಗ ಏನು ಪಟ್ಟ ಎನ್ನುವುದನ್ನು ಓಣಿ ಕೇಳುವುದಿಲ್ಲ.

ಗಿರಣಿಯ ಇಬ್ಬರು ಹಮಾಲರು ಕೆಲಸಕ್ಕೆ ಹೋಗುತ್ತಿದ್ದವರು ಜನ ಕಂಡು ನಿಂತರು.

"ಯಾರು ತೀರ್ಕೊಂಡ್ರು?"

"ನಮ್ಮ ಗಿರಣಿ ವಾಚಮನ್ನು," ಎಂದ ಇನ್ನೊಬ್ಬ.

"ಯಾರವ?"

"ಅವನ ಮಾರಾಯ, ಬಂಗ್ಲೆ ಛತ್ತು ಬೀಳಿಸಿದ ಸಾಬ."

"ಓ, ಅವನಾ," ಎಂದು ಕೇಳಿದವನು ಚಪ್ಪಲಿ ಬಿಟ್ಟು ಕೈಮುಗಿದ.

ಕೊಟ್ರಪ್ಪನಿಗೆ ಕೇಳಿಸಿತು. ಅವನು ಹಂಡೆಯ ಕಡೆಗೇ ಮುಖ ಮಾಡಿ ಕುಳಿತ. ಊರೆಲ್ಲ ಗಚ್ಚಿನ ಕೆಲಸ ಮಾಡಿದವನು, ಮಸೀದಿಯ ಮಿನಾರಿಗೂ ಮಠದ ಗೋಪುರಕ್ಕೂ ಒಂದೇ ಕೈಯಲ್ಲಿ ಸುಣ್ಣ ಹಿಡಿಸಿದವನು, ಕೊನೆಗೆ ಬಿದ್ದ ಒಂದು ಛತ್ತಿನ ಹೆಸರಿನಿಂದ ಮಣ್ಣಿಗೆ ಹೋಗಲಿದ್ದ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಮರ್ದಾನಸಾಬನ ಮಾನ ಹೋದದ್ದು ಒಂದು ಚಮಚ ಬೆಲ್ಲದ ನೀರಿಗೆ. ಅದು ಗೊತ್ತಿದ್ದದ್ದು ಲೋಕದಲ್ಲಿ ಕೊಟ್ರಪ್ಪನೊಬ್ಬನಿಗೆ. ಹದಿಮೂರು ವರ್ಷದಿಂದ ಅವನು ಆ ಮಾತನ್ನು ನುಂಗಿಕೊಂಡೇ ಬಂದಿದ್ದ. ಇವತ್ತು ಮಣ್ಣು ಬೀಳುವ ಮೊದಲು ಹೇಳಲೇಬೇಕು ಎಂದು ಮನೆಯಿಂದ ಹೊರಡುವಾಗಲೇ ನಿಶ್ಚಯ ಮಾಡಿಕೊಂಡಿದ್ದ.

ಅವನು ಎದ್ದು ಬಾಗಿಲ ಬಳಿ ಹೋದ. ಹೊಸ್ತಿಲಲ್ಲಿ ಪಕ್ಕದ ಮನೆಯ ಮುದುಕಿ ಗೌಸಬೀ ಕಾಲು ಚಾಚಿ ಕುಳಿತಿದ್ದಳು.

"ವೈನೀನ ಒಂದೀಟು ನೋಡಬೇಕಿತ್ತು."

"ಆಗಂಗಿಲ್ಲಪ. ಆಕೀದು ಇದ್ದತ್ ಚಾಲೂ ಆಗೈತಿ. ಇನ್ನ ನಾಕು ತಿಂಗಳು ಹತ್ತು ದಿನ ಹೊರಗಿನ ಗಂಡಸರ ಮುಂದ ಬರಂಗಿಲ್ಲ."

"ಒಂದು ಮಾತು ಹೇಳೋದೈತ್ರಿ."

"ನನ್ನ ಕಡೆ ಹೇಳು, ನಾ ಮುಟ್ಟಸ್ತೀನಿ."

ಕೊಟ್ರಪ್ಪ ಆ ಮುದುಕಿಯ ಮುಖವನ್ನೇ ನೋಡಿದ. ಅವಳಿಗೆ ಹೇಳಿದರೆ ಮಧ್ಯಾಹ್ನದ ಜೋಹರ್ ನಮಾಜಿನೊಳಗೆ ಇಡೀ ಗಂಗಾವತಿಗೆ ಮುಟ್ಟುತ್ತಿತ್ತು. ಮುಟ್ಟಬೇಕಾದದ್ದೂ ಅದೇ. ಆದರೂ ಅವನು "ಆಮ್ಯಾಲೆ ಹೇಳ್ತೀನಿ ಬಿಡ್ರಿ" ಎಂದು ತಿರುಗಿ ಬಂದ. ಹದಿಮೂರು ವರ್ಷ ಹೀಗೇ ತಿರುಗಿ ಬಂದಿದ್ದ.

*

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ, ಭತ್ತದ ಗದ್ದೆ ಮುಗಿದು ಬಂಡೆಗಳು ಶುರುವಾಗುವ ಕಡೆ ಇಂಗ್ಲಿಷ್ ಬಂಗ್ಲೆಯಿದೆ. ಇಂಗ್ಲಿಷರು ಯಾರೂ ಅದರಲ್ಲಿ ಒಂದು ದಿನವೂ ಇರಲಿಲ್ಲ. ನಿಜಾಮರ ಕಾಲದ ಒಬ್ಬ ಜಾಗೀರದಾರರು ಹೈದರಾಬಾದಿನಲ್ಲಿ ಯಾವನೋ ದೊರೆಯ ಮನೆ ನೋಡಿ ಬಂದು, ಅಂಥದೇ ಬೇಕೆಂದು ಹಟ ಹಿಡಿದು ಕಟ್ಟಿಸಿದ್ದು. ವಿಕ್ಟೋರಿಯಾ ರಾಣಿಯ ಕಾಲದ ಮನೆಗಳ ಚಿತ್ರದ ಪುಸ್ತಕ ತರಿಸಿ, ಅದರಲ್ಲಿ ಏನೇನಿತ್ತೋ ಒಂದನ್ನೂ ಬಿಡಲಿಲ್ಲ. ಬಣ್ಣದ ಗಾಜಿನ ಕಿಟಕಿ, ತೇಗದ ಸುತ್ತು ಮೆಟ್ಟಿಲು, ಗೋಡೆಗೆ ಹೂವಿನ ಕಾಗದ, ಊಟದ ಕೋಣೆಯಲ್ಲಿ ಅಮೃತಶಿಲೆಯ ಅಗ್ಗಿಷ್ಟಿಕೆ. ಬಂಡೆಯ ಮೇಲೆ ಹಪ್ಪಳ ಹರವಿದರೆ ತಾನೇ ಸುಟ್ಟುಕೊಳ್ಳುವ ಊರಿನಲ್ಲಿ ಚಳಿ ಕಾಯಿಸಲು ಗೂಡು. ಅದರಲ್ಲಿ ಒಂದು ದಿನವೂ ಬೆಂಕಿ ಹತ್ತಲಿಲ್ಲ, ಮೂರು ತಲೆಮಾರಿನ ಕೋಳಿಗಳು ಮಾತ್ರ ಕಾವು ಕುಳಿತವು.

ಆ ಕೋಣೆಯ ಛತ್ತನ್ನು ಕಂಡವರು ಮಾತ್ರ ನಗುತ್ತಿರಲಿಲ್ಲ. ಮರದ ಪಟ್ಟಿಗಳಿಗೆ ಗಚ್ಚು ಹಿಡಿಸಿ, ಆ ಗಚ್ಚಿನಲ್ಲೇ ಗುಲಾಬಿ ಬಳ್ಳಿ, ದ್ರಾಕ್ಷಿ ಗೊಂಚಲು ಅರಳಿಸಿದ್ದರು. ನಡುವೆ ಝೂಮರ ದೀಪ ತೂಗುಹಾಕುವ ಕಡೆ ಎತ್ತಿನಬಂಡಿಯ ಗಾಲಿಯಷ್ಟು ದೊಡ್ಡ ಒಂದು ಗುಲಾಬಿ. ಸೋರಿ ಸೋರಿ ಅರ್ಧ ಬಿದ್ದು ಹೋಗಿತ್ತು. ಜಾಗೀರದಾರರ ಮರಿಮಗ ಅಂಜನಾದ್ರಿಗೆ ಬರುವ ಜನರನ್ನು ನಂಬಿ ಬಂಗ್ಲೆಯನ್ನು ಹೋಟೆಲು ಮಾಡಲು ಹೊರಟಾಗ, ಎಲ್ಲವೂ ಹಳೆಯದು ಹೇಗಿತ್ತೋ ಹಾಗೇ ಆಗಬೇಕೆಂದ. ಗುತ್ತಿಗೆ ಹಿಡಿದ ಗೋವಿಂದರಾಜನಿಗೆ ಗೊತ್ತಿದ್ದದ್ದು ಸಿಮೆಂಟು ಒಂದೇ. ಅವನು ಮರ್ದಾನಸಾಬನ ಮನೆಗೆ ಬಂದ.

"ಸಾಬ್ರ, ನಿಮ್ಮ ಬಿಟ್ರ ಈ ಕೆಲಸ ಮಾಡಾವ್ರು ಈ ಕಡೆ ಯಾರೂ ಉಳದಿಲ್ಲ."

"ಅದಾರ. ಕೊಟ್ರಪ್ಪ ಅದಾನ," ಎಂದ ಮರ್ದಾನಸಾಬ.

ಅದು ದೊಡ್ಡ ಮನಸ್ಸಿನ ಮಾತು, ಪೂರಾ ನಿಜವಲ್ಲ. ಸುಣ್ಣ ಅರಳಿಸುವುದು, ಜರಡಿ ಹಿಡಿಯುವುದು, ಗಾಣಕ್ಕೆ ಎತ್ತು ಕಟ್ಟಿ ಅರೆಯುವುದು, ಬೆಲ್ಲ ಮತ್ತು ಅಳಲೆಕಾಯಿ ನೆನೆಹಾಕಿ ನೀರು ತಯಾರು ಮಾಡುವುದು ಕೊಟ್ರಪ್ಪನ ಕೆಲಸ. ಆ ನೀರು ಸರಿ ಇದೆಯೋ ಇಲ್ಲವೋ ಎಂದು ಹೇಳುವುದು ಮರ್ದಾನಸಾಬನ ನಾಲಿಗೆ. ಮೂರು ದಿನ ನೆನೆದ ನೀರನ್ನು ದಿನಾ ಬೆಳಿಗ್ಗೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಅವನು ಕಣ್ಣು ಮುಚ್ಚುತ್ತಿದ್ದ. ಮೊದಲು ಸಿಹಿ, ಬೆನ್ನಿಗೇ ಒಗರು, ಕೊನೆಗೆ ಹುಳಿ ಇಣುಕಿ ಹೋಗಬೇಕು. ಹುಳಿ ಮುಂದೆ ಬಂದರೆ ನೀರು ಸತ್ತಿದೆ ಎಂದು ಅರ್ಥ. ಆ ನೀರು ಕುಡಿದ ಗಚ್ಚು ನೋಡಲು ಚೆನ್ನಾಗಿದ್ದರೂ ಹಿಡಿತ ಬಿಡುತ್ತದೆ. ಇದಕ್ಕೆ ಅಳತೆಯಿಲ್ಲ, ಯಂತ್ರವಿಲ್ಲ. ಕೊಟ್ರಪ್ಪ ಚಮಚ ಹಿಡಿದು ನಿಲ್ಲುವವನು, ಅಷ್ಟೇ.

ಬೇರೆ ವರ್ಷ ರಂಜಾನ್ ಬಂತೆಂದರೆ ಗಾಣ ನಿಲ್ಲುತ್ತಿತ್ತು. ಎರಡು ಸಾವಿರದ ಒಂಬತ್ತರಲ್ಲಿ ರಂಜಾನ್ ಭಾದ್ರಪದದ ಮಳೆಯಲ್ಲಿ ಬಂತು, ಹೋಟೆಲಿನ ಉದ್ಘಾಟನೆಯ ದಿನ ಆಗಲೇ ನಿಗದಿಯಾಗಿತ್ತು. ಗೋವಿಂದರಾಜ ಕೈಮುಗಿದ. ಮರ್ದಾನಸಾಬ ರೋಜಾ ಹಿಡಿದೇ ಕೆಲಸಕ್ಕೆ ಬಂದ.

"ಅಣ್ಣ, ನೀರು?" ಎಂದು ಕೊಟ್ರಪ್ಪ ಚಮಚ ಮುಂದೆ ಹಿಡಿದ.

"ನಾ ಹೆಂಗ ಬಾಯಿಗೆ ಹಾಕ್ಲಿ?"

"ನುಂಗದ ಉಗುಳಿದ್ರ ರೋಜಾ ಮುರಿಯಂಗಿಲ್ಲ ಅಂತ ಮಸೀದಿಯಾಗ ಹೇಳ್ಯಾರಂತಲ್ಲ. ನೀನ ಹೇಳಿದ್ದಿ."

"ಅವ್ರು ಹೇಳ್ತಾರ. ಉಪವಾಸಕ್ಕ ಒಣಗಿದ ನಾಲಿಗಿ ಬೆಲ್ಲ ಕಂಡ್ರ ಗಂಟಲು ನನ್ನ ಮಾತು ಕೇಳತೈತೇನು?" ಮರ್ದಾನಸಾಬ ನಕ್ಕ. ಅಟ್ಟಣಿಗೆ ಹತ್ತುತ್ತಾ, ತಿರುಗಿ ನೋಡದೆ, "ಈ ತಿಂಗಳು ನಿನ್ನ ನಾಲಿಗೀನ ನನ್ನ ನಾಲಿಗಿ. ನೀ ನೋಡಿ ಹೇಳು," ಎಂದ.

ಕೊಟ್ರಪ್ಪನ ನಾಲಿಗೆ ಸತ್ತು ಎಷ್ಟೋ ವರ್ಷವಾಗಿತ್ತು. ಹನ್ನೆರಡನೆಯ ವಯಸ್ಸಿನಿಂದ ಸುಣ್ಣ ತಿಕ್ಕಿದ ತಂಬಾಕು ದವಡೆಯಲ್ಲಿ ಇಟ್ಟವನು. ಹೆಂಡತಿ ಪಾರಮ್ಮ ಉಪ್ಪಿಲ್ಲದ ಸಾರು ಹಾಕಿದರೂ ಉಂಡು ಏಳುತ್ತಿದ್ದ. ಮನೆಯಲ್ಲಿ ಅದೊಂದು ನಗೆಯ ಮಾತಾಗಿತ್ತು, ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಅವನು ಚಮಚ ಬಾಯಿಗಿಟ್ಟ. ನೀರು ಒದ್ದೆಯಾಗಿತ್ತು, ಬೇರೇನೂ ಇರಲಿಲ್ಲ.

ಹೇಳಬಹುದಿತ್ತು. "ಅಣ್ಣ, ನನಗ ರುಚಿ ಹತ್ತಂಗಿಲ್ಲ" ಎಂದರೆ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷ ಚಮಚ ಹಿಡಿದು ನಿಂತವನಿಗೆ ಅವತ್ತು ಮೊದಲ ಸಲ ಚಮಚ ಬಾಯಿಗೆ ಬಂದಿತ್ತು. ಕೆಳಗೆ ಗೌಂಡಿಗಳು, ಹೆಣ್ಣಾಳುಗಳು, ಗೋವಿಂದರಾಜ ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಮನುಷ್ಯ ಯಾವಾಗಲೂ ಲಾಭಕ್ಕೇ ಸುಳ್ಳು ಹೇಳುತ್ತಾನೆಂದಲ್ಲ. ಕೊಟ್ರಪ್ಪ ಮರ್ದಾನಸಾಬನ ಹಾಗೆಯೇ ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ತಡೆದು, ಕಣ್ಣು ತೆರೆದ.

"ಛಲೋ ಐತಿ ಅಣ್ಣ."

ಮೂವತ್ತು ದಿನವೂ ಛಲೋ ಇತ್ತು. ದೊಡ್ಡ ಗುಲಾಬಿ ಏರಿಸಿದ ವಾರ ಮೋಡ ಕವಿದು ಸೆಕೆ ಹೆಚ್ಚಾಗಿ, ನೀರಿನ ಮೇಲೆ ನೊರೆ ನಿಂತಿತ್ತು. ಅವತ್ತೂ ಛಲೋ ಇತ್ತು.

*

ಬಿದ್ದದ್ದು ಡಿಸೆಂಬರಿನಲ್ಲಿ, ಮಟಮಟ ಮಧ್ಯಾಹ್ನ. ಜಾಗೀರದಾರರ ಮನೆತನದವರೆಲ್ಲ ಬಂದು ಉದ್ದ ಮೇಜಿನ ಸುತ್ತ ಊಟಕ್ಕೆ ಕೂರುವುದರಲ್ಲಿದ್ದರು. ಎಲೆ ಹಾಕಿ ಉಪ್ಪು ಬಡಿಸಿಯಾಗಿತ್ತು. ಮೊದಲು ಅಕ್ಕಿ ಚೆಲ್ಲಿದಂತೆ ಸಣ್ಣ ಸದ್ದು, ಆಮೇಲೆ ದೊಡ್ಡ ಗುಲಾಬಿ ಇಡಿಯಾಗಿ ಮೇಜಿನ ಮೇಲೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮನೆತನದ ಹಿರಿಯ ಹೆಂಗಸು ಒಬ್ಬಳು ಬಿಳಿ ಧೂಳಿನಲ್ಲಿ ನಿಂತು ಸೆರಗು ಕೊಡವುತ್ತಿದ್ದಳು.

ಮರ್ದಾನಸಾಬ ಬಂದು ನೋಡಿದ. ಒಂದು ಎಸಳು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿದ. ಅದು ಹಿಟ್ಟಿನ ಹಾಗೆ ಪುಡಿಯಾಯಿತು.

"ಕೊಟ್ರ, ಇದನ್ನ ಏರಿಸಿದ ವಾರ ನೀರು ಹೆಂಗಿತ್ತು?"

ಸುತ್ತ ಹತ್ತು ಜನ ನಿಂತಿದ್ದರು. ಗೋವಿಂದರಾಜನ ಮುಖ ಕೆಂಪಾಗಿತ್ತು.

"ಛಲೋ ಇತ್ತಣ್ಣ."

"ಖರೇ ಹೇಳು. ಸಿಟ್ಟಾಗಂಗಿಲ್ಲ."

"ಖರೇನ ಛಲೋ ಇತ್ತು."

ಮರ್ದಾನಸಾಬ ಅವನ ಮಾತನ್ನು ನಂಬಿದ. ನಂಬದಿದ್ದರೆ ಕೊಟ್ರಪ್ಪನಿಗೆ ಎಷ್ಟೋ ಒಳ್ಳೆಯದಾಗುತ್ತಿತ್ತು. ತನ್ನ ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡು, "ಹಂಗಾದ್ರ ನನ್ನ ಕೈ ಕೆಟ್ಟೈತಿ," ಎಂದ. ಕರಣಿಯನ್ನು ಅಗ್ಗಿಷ್ಟಿಕೆಯ ಕಟ್ಟೆಯ ಮೇಲಿಟ್ಟು ಹೊರಟುಹೋದ. ಮತ್ತೆ ಯಾರ ಮನೆಯಲ್ಲೂ ಅವನು ಕರಣಿ ಹಿಡಿಯಲಿಲ್ಲ. ಮಠದವರು ಕರೆದರು, "ಕೈ ಕೆಟ್ಟಾವ ದೇವರ ಕೆಲಸ ಮುಟ್ಟಬಾರದು" ಎಂದ. ಮಸೀದಿಯವರು ಕರೆದರು, ಅದನ್ನೇ ಹೇಳಿದ. ಕೊನೆಗೆ ಕರೆಯುವವರೂ ನಿಂತರು. ಬಂಗ್ಲೆಗೆ ಗೋವಿಂದರಾಜ ಹೊಸಪೇಟೆಯಿಂದ ಅಚ್ಚಿನ ಹೂಗಳನ್ನು ತರಿಸಿ ಮೊಳೆ ಹೊಡೆದು ಮುಗಿಸಿದ. ಮರ್ದಾನಸಾಬ ಗಿರಣಿಯ ಬಾಗಿಲಲ್ಲಿ ಕೋಲು ಹಿಡಿದು ಕುಳಿತ.

ಕೊಟ್ರಪ್ಪ ಪ್ರತಿ ಶುಕ್ರವಾರ ಹೋಗಿ ಅವನ ಕಟ್ಟೆಯ ಮೇಲೆ ಕೂರುತ್ತಿದ್ದ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಹೋಗುತ್ತಿದ್ದ. ಇಬ್ಬರೂ ಚಹಾ ಕುಡಿಯುತ್ತಿದ್ದರು. ಮಳೆಯ ಮಾತು, ಕಾಲುವೆಗೆ ನೀರು ಬಿಟ್ಟ ಮಾತು ಆಗುತ್ತಿತ್ತು. ಒಮ್ಮೊಮ್ಮೆ ಮರ್ದಾನಸಾಬ ತನ್ನಷ್ಟಕ್ಕೆ, "ಎಲ್ಲಿ ತಪ್ಪಿದೆ ಅಂತ ಗೊತ್ತಾದ್ರ ಸಾಕಿತ್ತು ನೋಡು," ಎನ್ನುತ್ತಿದ್ದ. ಕೊಟ್ರಪ್ಪ ಕಪ್ಪು ಕೆಳಗಿಟ್ಟು ಏಳುತ್ತಿದ್ದ.

*

ಜನಾಜಾ ಎದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೊಟ್ರಪ್ಪ ಹೆಗಲು ಕೊಟ್ಟ. ಅರವತ್ತೆರಡರ ಹೆಗಲು ಹೆಚ್ಚು ದೂರ ತಾಳದು ಎಂದು ಎರಡು ಸಲ ಬಿಡಿಸಲು ಬಂದರು, ಅವನು ಬಿಡಲಿಲ್ಲ. ಹೊತ್ತದ್ದು ಹಗುರವಾಗಿತ್ತು. ಇಪ್ಪತ್ತು ವರ್ಷ ಅಟ್ಟಣಿಗೆಯ ಕೆಳಗೆ ನಿಂತು ಅವನ ತೂಕಕ್ಕೆ ಹಲಗೆ ಬಾಗುವುದನ್ನು ಕಂಡಿದ್ದ ಕೊಟ್ರಪ್ಪನಿಗೆ, ಇಷ್ಟು ಹಗುರವಾದದ್ದು ಯಾವಾಗ ಎಂದು ಗೊತ್ತಾಗಲಿಲ್ಲ.

ಮಸೀದಿಯ ಮುಂದಿನ ಬಯಲಿನಲ್ಲಿ ಜನಾಜಾ ಇಳಿಸಿ ಸಾಲು ನಿಂತರು. ಬೇರೆ ಧರ್ಮದವರು, ಅವರೊಡನೆ ಕೊಟ್ರಪ್ಪನೂ, ಬೇವಿನ ಮರದ ಕೆಳಗೆ ನಿಂತರು. ನಮಾಜಿಗೆ ಮೊದಲು, ರೂಢಿಯ ಪ್ರಕಾರ, ಆಸೀಫ ಮುಂದೆ ಬಂದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಆ ಮಾತು ಅಳಿಯನೇ ಆಡಬೇಕು.

"ನಮ್ಮ ಮಾವಾರ ಕಡಿಂದ ಯಾರಿಗಾದ್ರೂ ಏನಾದ್ರೂ ತಪ್ಪು ಆಗಿದ್ರ, ಮನಸ್ಸಿಗೆ ನೋವಾಗಿದ್ರ, ಇವತ್ತ ಮಾಫ್ ಮಾಡಿಬಿಡ್ರಿ. ಏನಾದ್ರೂ ಹೇಳೋದಿದ್ರ ಈಗ ಹೇಳ್ರಿ."

ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ "ಮಾಫ್ ಮಾಡೇವಿ" ಎಂದು ಎಲ್ಲರೂ ಗೊಣಗಿ ಮುಗಿಸುತ್ತಾರೆ. ಅವತ್ತು ಬೇವಿನ ಮರದ ಕೆಳಗಿನಿಂದ ಗೋವಿಂದರಾಜ ಎರಡು ಹೆಜ್ಜೆ ಮುಂದೆ ಬಂದ. ಬಿಳಿ ಅಂಗಿ, ಕೊರಳಲ್ಲಿ ದಪ್ಪ ಸರ, ಮುಖದಲ್ಲಿ ನಿಜವಾದ ದುಃಖ. ಅವನು ಕೆಟ್ಟವನಲ್ಲ.

"ಬಂಗ್ಲೆ ಛತ್ತಿನ ವಿಷಯದಾಗ ಸಾಬ್ರು ಕಡೀತನಕ ಮನಸ್ಸಿಗೆ ಹಚ್ಕೊಂಡಿದ್ರು ಅಂತ ಕೇಳೇನಿ. ನಮ್ಮ ಕಡಿಂದ, ಜಾಗೀರದಾರ ಸಾಹೇಬ್ರ ಕಡಿಂದ, ಆ ತಪ್ಪು ಪೂರಾ ಮಾಫ್ ಐತ್ರಿ. ಮನುಷ್ಯ ಅಂದ ಮ್ಯಾಲೆ ಕೈ ತಪ್ಪತೈತಿ."

ಒಳ್ಳೆಯ ಮಾತು, ದೊಡ್ಡ ಮಾತು ಎಂದು ಸಾಲಿನಲ್ಲಿ ಒಬ್ಬಿಬ್ಬರು ತಲೆದೂಗಿದರು. ಆಸೀಫ ತಲೆ ಬಗ್ಗಿಸಿದ. ಮಾವನ ತಪ್ಪಿಗೆ ಅವನು ಎಲ್ಲರೆದುರು ಕೈಮುಗಿಯುವುದನ್ನು ಕೊಟ್ರಪ್ಪ ನೋಡಿದ.

ಈಗ, ಎಂದುಕೊಂಡ. ಈಗ ಹೇಳದಿದ್ದರೆ ನಾನು ಮನುಷ್ಯನಲ್ಲ. ಅವನು ಬಾಯಿ ತೆರೆದ. ನೂರು ಜನ ಬಿಳಿ ಟೋಪಿ ಹಾಕಿ ನಿಂತಿದ್ದರು. ಬಂಗ್ಲೆಯಲ್ಲಿ ಚಮಚ ಹಿಡಿದ ದಿನ ನೋಡಿದಂತೆಯೇ ಜನ ತನ್ನ ಬಾಯನ್ನು ನೋಡುತ್ತಾರೆ ಎನ್ನಿಸಿತು. ಪಕ್ಕದಲ್ಲಿದ್ದವನು, "ಏನ್ರಿ ಕೊಟ್ರಪ್ಪ, ಏನರ ಹೇಳ್ತೀರೇನು?" ಎಂದು ಮೆಲ್ಲಗೆ ಕೇಳಿದ.

"ಇಲ್ಲ," ಎಂದ ಕೊಟ್ರಪ್ಪ. "ಮಾಫ್ ಮಾಡೇವಿ."

ಇಮಾಮರು ಕೈ ಎತ್ತಿದರು. ನಮಾಜು ಮುಗಿಯಲು ಎಲೆಯಡಿಕೆ ಹಾಕಿಕೊಳ್ಳುವಷ್ಟೂ ಹೊತ್ತಾಗಲಿಲ್ಲ.

ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ಕೊಟ್ರಪ್ಪನೂ ಕೊಟ್ಟ. ಮೊದಲ ಹಿಡಿಗೆ ಒಳಗೊಳಗೇ, ಅಣ್ಣ ನೀರು ಛಲೋ ಇರಲಿಲ್ಲ, ಎಂದ. ಎರಡನೆಯದಕ್ಕೆ, ನನಗ ರುಚಿ ಹತ್ತಂಗಿಲ್ಲ, ಎಂದ. ಮೂರನೆಯ ಹಿಡಿ ಹಾಕುವಾಗ ಹೇಳಲು ಏನೂ ಉಳಿದಿರಲಿಲ್ಲ. ತುಟಿ ಅಲ್ಲಾಡಿದ್ದನ್ನು ಕಂಡವರು ಅವನು ತನ್ನ ದೇವರನ್ನು ನೆನೆಯುತ್ತಿದ್ದಾನೆಂದು ತಿಳಿದರು. ಸತ್ತವನಿಗೆ ಹೇಳುವುದು ಸುಲಭ. ಅದು ಗೊತ್ತಾಗಿ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

*

ಜನ ಕರಗಿದ ಮೇಲೆ ಅವನು ತನ್ನ ಮನೆಗೆ ಹೋಗದೆ ಮರ್ದಾನಸಾಬನ ಮನೆಗೇ ನಡೆದ. ಚಾದರ ಬಿಚ್ಚಿದ್ದರು, ಹಂಡೆಯ ಕೆಳಗೆ ಬೂದಿ ಮಾತ್ರ ಇತ್ತು. ಬಾಗಿಲಿಗೆ ಹಸಿರು ಪರದೆ ಇಳಿಬಿಟ್ಟಿದ್ದರು. ಗೌಸಬೀ ಇನ್ನೂ ಹೊಸ್ತಿಲಲ್ಲೇ ಇದ್ದಳು.

"ಮತ್ತ ಬಂದ್ಯಾ?"

"ವೈನಿ ಒಳಗಿನ ಖೋಲಿಯಾಗ ಅದಾರೇನ್ರಿ? ನಾ ಒಳಗ ಬರಂಗಿಲ್ಲ. ಇಲ್ಲೇ ಕುಂತು ಹೇಳ್ತೀನಿ."

ಅವನು ನೆಲದ ಮೇಲೆ, ಪರದೆಗೆ ಒಂದು ಮೊಳ ದೂರದಲ್ಲಿ, ಕುಳಿತ. ಗೌಸಬೀ ಕಾಲು ಮಡಚಿ ಜಾಗ ಬಿಟ್ಟಳು. ಒಳಗಿಂದ ಯಾರದೋ ಕುರಾನ್ ಓದುವ ದನಿ ನಿಂತಿತು.

"ವೈನಿ, ನಾ ಕೊಟ್ರಪ್ಪ." ಅವನು ಪರದೆಯ ಅಂಚನ್ನೇ ನೋಡುತ್ತಾ ಮುಂದುವರಿಸಿದ. "ಬಂಗ್ಲೆ ಛತ್ತು ಅಣ್ಣನ ಕೈಯಿಂದ ಬೀಳಲಿಲ್ಲ. ಆ ವರ್ಷ ರೋಜಾ ಇತ್ತು ಅಂತ ಬೆಲ್ಲದ ನೀರು ನೋಡಾಕ ನನಗ ಹೇಳಿದ್ದ. ನನ್ನ ನಾಲಿಗಿಗೆ ರುಚಿ ಇಲ್ಲ ವೈನಿ. ಆವಾಗಲೂ ಇರ್ಲಿಲ್ಲ. ನೀರು ಹುಳಿ ಹಿಡದಿತ್ತು. ನೊರಿ ಬಂದಿತ್ತು, ಕಣ್ಣಿಲೆ ನೋಡೇನಿ. ಛಲೋ ಐತಿ ಅಂದೆ. ಬಿದ್ದ ಮ್ಯಾಲೂ ಛಲೋ ಇತ್ತು ಅಂದೆ."

ಪರದೆಯ ಆಚೆಯಿಂದ ಜುಬೇದಾಬೀಯ ದನಿ ಬಂತು. ಅತ್ತು ಒಣಗಿದ ದನಿ.

"ಅವ್ರು ಅವತ್ತ ನಿನ್ನ ಕೇಳಿದ್ರಲ್ಲ ಕೊಟ್ರಪ್ಪ."

"ಕೇಳಿದ್ದ."

"ಮೊನ್ನಿ ಶುಕ್ರವಾರ ಬಂದಿದ್ದಿ. ನಾನ ಚಾ ಮಾಡಿ ಕೊಟ್ಟೆ."

"ಹೌದು ವೈನಿ."

"ಮೊನ್ನಿ ಹೇಳಿದ್ರೂ ನಡೀತಿತ್ತು. ಒಂದು ನಾಕು ದಿನ ಆರಾಮ ಇರ್ತಿದ್ರು."

ಬೈದಿದ್ದರೆ ಚೆನ್ನಾಗಿತ್ತು. ಕೊಟ್ರಪ್ಪ ಅದಕ್ಕಾಗಿಯೇ ಬಂದಿದ್ದ. ಅವನು ಪರದೆಗೆ ಹಣೆ ಮುಟ್ಟಿಸುವಷ್ಟು ಬಗ್ಗಿದ. ಒಳಗೆ ಏನೋ ಸರಿದ ಸದ್ದಾಯಿತು.

"ಹಸೀಬಾ, ಕಾಕಾನ್ನ ಹಿತ್ತಲಕ ಕರ್ಕೊಂಡು ಹೋಗು. ಗೋಡಿ ತೋರ್ಸು."

ಮಗಳು ಹಸೀಬಾ ಪಕ್ಕದ ಸಂದಿಯಿಂದ ಹೊರಗೆ ಬಂದಳು. ಅಳುತ್ತಿರಲಿಲ್ಲ. ಮೂವತ್ತು ವರ್ಷ ಬಂದು ಹೋದರೂ ಕೊಟ್ರಪ್ಪ ಈ ಮನೆಯ ಹಿತ್ತಲು ಕಂಡವನಲ್ಲ. ಅದು ಹೆಂಗಸರ ಜಾಗ. ಹೊರಗಿನ ಗಂಡಸಿಗೆ ಕಟ್ಟೆಯವರೆಗೆ ಮಾತ್ರ ದಾರಿ. ಅವನು ಅವಳ ಹಿಂದೆ ಗೋಡೆ ಹಿಡಿದುಕೊಂಡು ಹೋದ.

ಹಿತ್ತಲಲ್ಲಿ ಒಂದು ನುಗ್ಗೆ ಮರ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ಸುಣ್ಣದ ಮಡಕೆ. ಮನೆಯ ಹಿಂದಿನ ಗೋಡೆ ಬರೀ ಮಣ್ಣು ಮೆತ್ತಿದ ಹಸಿ ಇಟ್ಟಿಗೆಯದು. ಅದರ ಮೇಲೆ ಸಾಲಾಗಿ, ಒಂದೊಂದು ಮೊಳ ಅಗಲದ, ಹದಿಮೂರು ಬಿಳಿ ಚೌಕಗಳು. ಪ್ರತಿ ಚೌಕದ ನಡುವೆ ಗಚ್ಚಿನ ಒಂದು ಗುಲಾಬಿ. ಬಿಸಿಲಿಗೆ ಅವು ಹೊಳೆಯುತ್ತಿದ್ದವು.

"ಏನಿದು?" ಎಂದ ಕೊಟ್ರಪ್ಪ. ಏನೆಂದು ಅವನಿಗೆ ಆಗಲೇ ಗೊತ್ತಾಗಿತ್ತು.

"ವರ್ಷಕ್ಕೊಂದು. ರಂಜಾನ್ ಹಬ್ಬ ಮುಗೀತಂದ್ರ ಮಾಡ್ತಿದ್ರು. ನಾನ ಒರಳಾಗ ಸುಣ್ಣ ಅರದು ಕೊಡ್ತಿದ್ದೆ." ಹಸೀಬಾ ಮೊದಲ ಚೌಕದ ಮೇಲೆ ಬೆರಳಿಟ್ಟಳು. "ಇದಕ್ಕ ಮರಳು ಹೆಚ್ಚು ಹಾಕಿದ್ರು. ಇದಕ್ಕ ಸುಣ್ಣ ಸರಿ ಅರಳಿಸಿರ್ಲಿಲ್ಲ. ಇದಕ್ಕ ಬೆಲ್ಲ ಅರ್ಧ. ಇದಕ್ಕ ಪದರು ದಪ್ಪ. ಬಂಗ್ಲೆಯಾಗ ಏನು ತಪ್ಪು ಮಾಡೇನಿ ಅಂತ ಹುಡುಕ್ತಿದ್ರು. ಬೇಕಂತ ತಪ್ಪು ಮಾಡಿ, ಅದು ಬೀಳತೈತೇನಂತ ದಾರಿ ಕಾಯ್ತಿದ್ರು. ದಿನಾ ಬಂದು ಗುದ್ದಿ ನೋಡ್ತಿದ್ರು. ಬಿದ್ರ ಗೊತ್ತಾಗತೈತಿ, ಹಿಂಗ ಆಗಿತ್ತು ಅಂತ ಮನಸ್ಸಿಗೆ ಸಮಾಧಾನ ಆಗತೈತಿ ಅಂತಿದ್ರು."

"ಬಿತ್ತೇನು?"

"ಇಲ್ಲ ಕಾಕಾ. ಒಂದೂ ಬೀಳ್ಲಿಲ್ಲ."

ಕೊಟ್ರಪ್ಪ ಒಂದೊಂದೇ ಚೌಕವನ್ನು ಮುಟ್ಟುತ್ತಾ ಕೊನೆಯವರೆಗೆ ಹೋದ. ಆಮೇಲೆ ಕೇಳಬಾರದ್ದನ್ನು ಕೇಳಿದ.

"ನೀರು? ನೀರು ಹುಳಿ ಬರಿಸಿ ಒಂದು ಮಾಡಿ ನೋಡ್ಲಿಲ್ಲೇನು?"

ಹಸೀಬಾ ತಲೆಯಾಡಿಸಿದಳು. "ನಾನೂ ಒಮ್ಮಿ ಹೇಳಿದೆ. ಬ್ಯಾಡ ಅಂದ್ರು. ನೀರು ಕೊಟ್ರ ನೋಡ್ಯಾನ, ಅದರಾಗ ತಪ್ಪಿಲ್ಲ, ಅದೊಂದು ಬಿಟ್ಟು ಬ್ಯಾರೆ ಎಲ್ಲಾ ನೋಡೂಣು ಅಂದ್ರು."

ಆಗ ಒಳಗಿನಿಂದ ಗೋಡೆಗೆ ಧಬ್ಬೆಂದು ಒಂದು ಗುದ್ದು ಬಿತ್ತು. ಜುಬೇದಾಬೀ ಕುಳಿತ ಕೋಣೆಯ ಗೋಡೆ ಅದೇ ಎಂದು ಕೊಟ್ರಪ್ಪನಿಗೆ ತಿಳಿಯಿತು. ಎರಡನೆಯ ಗುದ್ದು, ಮೂರನೆಯದು. "ಬ್ಯಾಡ ಬೇಟಾ, ಕೈ ಮುರಕೊಂತಿ" ಎಂದು ಒಳಗೆ ಓಡಿದ ಗೌಸಬೀ ಹೇಳುವುದು ಕೇಳುತ್ತಿತ್ತು. ಗುದ್ದು ನಿಲ್ಲಲಿಲ್ಲ. ಗೋಡೆಯ ಆ ತುದಿಯಿಂದ ಈ ತುದಿಯವರೆಗೆ ಸರಿಯುತ್ತಾ ಬಂತು. ಹಸೀಬಾ ಮುಖ ಮುಚ್ಚಿಕೊಂಡಳು. ಚೌಕಗಳ ನಡುವಿನ ಮಣ್ಣು ಬಿರುಕು ಬಿಟ್ಟು ಕೊಟ್ರಪ್ಪನ ಕಾಲ ಬಳಿ ಹೆಂಟೆ ಹೆಂಟೆಯಾಗಿ ಉದುರಿತು. ಹದಿಮೂರು ಗುಲಾಬಿಗಳಲ್ಲಿ ಒಂದರ ಒಂದು ಎಸಳೂ ಅಲುಗಲಿಲ್ಲ.